ಸಮ ಬಂದರೆ

ಗುರು ಅಂದ ಕೂಡಲೇ ಸಣಕಲು ಮೈ, ಎದೆಯವರೆಗೆ ಗಡ್ಡ, ಗಾಳಿ ಕುಡಿದು ಬದುಕುವ ಹೊಟ್ಟೆ ಕಣ್ಣಿಗೆ ಬರುವುದಾದರೆ ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಈ ಗುರುಗಳು ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರುತ್ತಿದ್ದರು.

ಹೆಸರು ವೆಂಡೆಲ್. ಹಂಗೆರಿ ದೇಶದವರು. ಒಂದು ಕಾಲಕ್ಕೆ ಭಾರ ಎತ್ತುವ ಪಂದ್ಯಗಳಲ್ಲಿ, ಅತಿ ದೊಡ್ಡ ಮೈಯವರ ವಿಭಾಗದಲ್ಲಿ, ದೇಶದ ಪರವಾಗಿ ಎತ್ತಿದವರು. ಮಂಡಿ ಕೆಟ್ಟ ಮೇಲೆ ಎತ್ತುವುದನ್ನು ಬಿಟ್ಟು, ತೀಸಾ ನದಿಯ ದಡದ ಹಳೆಯ ದೋಣಿಮನೆಯೊಂದನ್ನು ಗರಡಿ ಮಾಡಿಕೊಂಡಿದ್ದರು.

ಆ ದೇಶದಲ್ಲಿ ವಯಸ್ಸಾದ ಗಂಡಸರನ್ನು 'ಬಾಚಿ' ಎನ್ನುತ್ತಾರೆ, ನಾವು ಮಾಮ, ಕಾಕಾ ಅನ್ನುವ ಹಾಗೆ. ಊರಿಗೆಲ್ಲ ಅವರು ವೆಂಡೆಲ್ ಬಾಚಿ.

ಗರಡಿಯಲ್ಲಿ ಇದ್ದದ್ದು ಒಂದೇ ನಿಯಮ. ದಿನದ ಕಸರತ್ತು ಮುಗಿದ ಮೇಲೆ ಬಾಚಿ ದಂಡೆಯಲ್ಲಿ ಸೌದೆ ಒಲೆ ಹೂಡುವರು. ದೊಡ್ಡ ಕಬ್ಬಿಣದ ಪಾತ್ರೆಯಲ್ಲಿ ಕೆಂಪು ಮೆಣಸಿನಪುಡಿ ಸುರಿದು ಮೀನುಸಾರು ಕುದಿಸುವರು. ಶಿಷ್ಯರೆಲ್ಲ ಸುತ್ತ ಕೂತು ಉಣ್ಣಬೇಕು. ಬಡಿಸುವವರು ಗುರುಗಳೇ.

ಒಂದು ದಿನ ಆಕೋಶ್ ಬಟ್ಟಲನ್ನು ಹಿಂದಕ್ಕೆ ಸರಿಸಿದ.

ಆಕೋಶ್ ಶಿಷ್ಯರಲ್ಲೆಲ್ಲ ದೊಡ್ಡ ಆಳು. ಅವನು ಬಟ್ಟಲು ಸರಿಸಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

"ಬೇಡ ಬಾಚಿ."

"ಹೊಟ್ಟೆ ಸರಿಯಿಲ್ವಾ?"

"ಸರಿಯಿದೆ."

"ಉಪ್ಪು ಜಾಸ್ತಿಯಾ?"

"ಅಯ್ಯೋ, ಅದೆಲ್ಲ ಅಲ್ಲ. ಮುಂದಿನ ತಿಂಗಳು ರಾಜಧಾನೀಲಿ ಆಯ್ಕೆ ಪಂದ್ಯ."

"ಗೊತ್ತು. ಅದಕ್ಕೇ ಎರಡು ಸೌಟು ಜಾಸ್ತಿ ಹಾಕಿದ್ದೆ."

"ಅದೇ ತೊಂದರೆ ಬಾಚಿ."

ಸಂಗತಿ ಇಷ್ಟು. ದೇಶದ ತಂಡದಲ್ಲಿ ದೊಡ್ಡ ಮೈಯವನಿಗೆ ಒಂದೇ ಜಾಗವಿತ್ತು. ಅದರ ಮೇಲೆ ಇಬ್ಬರ ಕಣ್ಣು. ಒಬ್ಬ ಆಕೋಶ್. ಇನ್ನೊಬ್ಬ ಪಡುವಣ ಸೀಮೆಯ ಲೋರಾಂಟ್. ಇವನು ಎಷ್ಟು ಎತ್ತುತ್ತಾನೋ ಅವನೂ ಹೆಚ್ಚುಕಡಿಮೆ ಅಷ್ಟೇ. ಆಗಿನ ನಿಯಮದ ಪ್ರಕಾರ ಇಬ್ಬರು ಸಮ ಎತ್ತಿದರೆ, ಪಂದ್ಯಕ್ಕೆ ಮುಂಚೆ ತೂಗಿದಾಗ ಯಾರ ಮೈ ಹಗುರವಾಗಿತ್ತೋ ಅವನೇ ಗೆದ್ದ ಹಾಗೆ.

ಲೋರಾಂಟ್ ಸ್ವಲ್ಪ ಹಗುರ.

"ಸಮ ಬಂದರೆ ಅವನು ಹೋಗ್ತಾನೆ ಬಾಚಿ. ನಾನು ಮನೇಲಿ ಕೂತು ಟೀವೀಲಿ ಅವನನ್ನ ನೋಡ್ಬೇಕು."

"ಸಮ ಯಾಕೆ ಬರಬೇಕು?"

"ಬಂದರೆ?"

ಬಾಚಿ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದರು.

"ನಿಮಗೆ ಬಂದಿತ್ತಲ್ಲ," ಅಂದ ಆಕೋಶ್, ಮೆಲ್ಲಗೆ.

ಸುತ್ತ ಕೂತವರ ಚಮಚಗಳು ನಿಂತವು.

ಊರಿಗೇ ಗೊತ್ತಿದ್ದ ಕಥೆ ಅದು. ಪ್ರಾಯದಲ್ಲಿ ಬಾಚಿ ಪರದೇಶದ ದೊಡ್ಡ ಪಂದ್ಯವೊಂದರಲ್ಲಿ ಗೆದ್ದವನಷ್ಟೇ ಭಾರ ಎತ್ತಿದ್ದರು. ಆದರೆ ಮೈ ತೂಗುವುದಕ್ಕೆ ಮುಂಚೆ, ಯಾರೋ ತಂದುಕೊಟ್ಟ ಮೀನುಸಾರನ್ನು ಹೊಟ್ಟೆ ತುಂಬ ಉಂಡಿದ್ದರು. ತಕ್ಕಡಿಯಲ್ಲಿ ಒಂದು ಬಟ್ಟಲಿನಷ್ಟು ಜಾಸ್ತಿ ಬಂದರು. ಚಿನ್ನ ಹೋಗಿ ಬೆಳ್ಳಿ ಆಯಿತು.

ಇವತ್ತಿಗೂ ಸಂತೆಯಲ್ಲಿ ಮೀನು ಮಾರುವ ಹೆಂಗಸು ಅವರನ್ನು ಕಂಡರೆ, "ಏನು ಬೆಳ್ಳಿಯಪ್ಪ, ಇವತ್ತೂ ಸಾರೇನಾ?" ಅಂತ ಕೂಗುತ್ತಾಳೆ. ಬಾಚಿ ಟೋಪಿ ತೆಗೆದು ತಲೆಬಾಗಿ, ಆ ನೆಪದಲ್ಲಿ ಒಂದು ಮೀನು ಹೆಚ್ಚಿಗೆ ಹಾಕಿಸಿಕೊಂಡು ಬರುತ್ತಾರೆ.

"ಬಂದಿತ್ತು," ಅಂದರು ಬಾಚಿ. "ಅದಕ್ಕೆ ನೀನು ಹಗುರ ಆಗ್ಬೇಕು ಅಂತೀಯ."

"ಹೌದು ಬಾಚಿ."

"ಆಗು. ನಾನೂ ಕೈ ಜೋಡಿಸ್ತೀನಿ."

ಅವನ ಬಟ್ಟಲನ್ನು ಹತ್ತಿರಕ್ಕೆಳೆದು ತಾವೇ ಉಂಡರು.

ಮಾರನೆಯ ದಿನ ಬೆಳಗ್ಗೆ ಬಾಚಿ ಕತ್ತರಿ ಹಿಡಿದು ದಂಡೆಯಲ್ಲಿ ಕಾದಿದ್ದರು.

"ಕೂತ್ಕೋ."

"ಯಾಕೆ ಬಾಚಿ?"

"ಕೂದಲಿಗೂ ತೂಕ ಇರುತ್ತೆ."

ಆಕೋಶನಿಗೆ ಭುಜದವರೆಗೆ ಕೂದಲು. ಊರಿನ ಕೆಲವು ಹುಡುಗಿಯರಿಗೆ ಅದರ ಮೇಲೆ ಅಭಿಮಾನ. ಆಕೋಶನಿಗೆ ಅದಕ್ಕಿಂತ ಜಾಸ್ತಿ. ಆದರೂ ಕೂತ. ದೇಶದ ತಂಡ ಅಂದರೆ ಸುಮ್ಮನೆ ಅಲ್ಲವಲ್ಲ.

ತಲೆ ಬೋಳಾಗುವವರೆಗೆ ಕತ್ತರಿಸಿದ್ದನ್ನು ಬಾಚಿ ಮೀನು ತೂಗುವ ತಕ್ಕಡಿಗೆ ಹಾಕಿದರು. ಮುಳ್ಳು ಅಲ್ಲಾಡಲಿಲ್ಲ.

"ಏನೂ ಬರಲಿಲ್ವಲ್ಲ ಬಾಚಿ!"

"ಸಮ ಬಂದಾಗ ಯಾವುದು ಕೈಕೊಡುತ್ತೋ ಯಾರಿಗೆ ಗೊತ್ತು. ಗಡ್ಡ ಈ ಕಡೆ ತಿರುಗಿಸು."

ಅದರ ಮರುದಿನ ಉಗುರು.

"ಲೋ ಆಕೋಶ್," ಅಂದ ಜೊತೆಯವನೊಬ್ಬ, "ಹಲ್ಲು ಎಷ್ಟು ತೂಕ ಬರುತ್ತೋ?"

"ಬಾಯಿ ಮುಚ್ಚೋ. ಬಾಚಿ ಕಿವಿಗೆ ಬಿದ್ದೀತು."

ಆಕೋಶ್ ಇಳಿಯತೊಡಗಿದ. ಬೆಳಗ್ಗೆ ಒಂದು ಸೇಬು, ಮಧ್ಯಾಹ್ನ ಎಲೆಕೋಸು, ಸಂಜೆ ಎಲ್ಲರೂ ಉಣ್ಣುವುದನ್ನು ನೋಡುವುದು. ಪ್ಯಾಂಟು ಜಾರಿತು. ಬೆಲ್ಟಿಗೆ ಹೊಸ ತೂತು ಕೊರೆದ. ಕೊರೆದದ್ದನ್ನು ಎಲ್ಲರಿಗೂ ತೋರಿಸಿದ.

ಸುದ್ದಿ ಪಡುವಣ ಸೀಮೆಗೂ ಮುಟ್ಟಿತು. ಅಲ್ಲಿ ಲೋರಾಂಟನೂ ಊಟ ಬಿಟ್ಟನಂತೆ.

ದೇಶದ ಅತಿ ದೊಡ್ಡ ಇಬ್ಬರು ಮನುಷ್ಯರು ತಮ್ಮಲ್ಲಿ ಸಣ್ಣವನು ಯಾರು ಅಂತ ಪೈಪೋಟಿಗೆ ಬಿದ್ದರು.

ಒಂದು ಬೆಳಗ್ಗೆ ಆಕೋಶ್ ಕಬ್ಬಿಣದ ಸರಳಿಗೆ ಭಾರದ ಬಿಲ್ಲೆಗಳನ್ನು ಹಾಕಿ, ಕೈ ಜಾರದಂತೆ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ, ಬಗ್ಗಿ ಎಳೆದ. ಸರಳು ಮಂಡಿಯವರೆಗೆ ಬಂದು ಕೆಳಗೆ ಬಿತ್ತು.

ಮತ್ತೆ ಎಳೆದ. ಮತ್ತೆ ಬಿತ್ತು.

"ಏಳ್ತಿಲ್ಲ ಬಾಚಿ."

"ಎಷ್ಟು ಹಾಕಿದೀಯ?"

"ಹೋದ ತಿಂಗಳು ಎತ್ತಿದ್ದೇ. ಆಟದ ಹಾಗೆ ಎತ್ತಿದ್ದೆ ಇದನ್ನ."

"ಒಂದು ಬಿಲ್ಲೆ ತೆಗಿ."

ತೆಗೆದ. ಏಳಲಿಲ್ಲ.

"ಇನ್ನೊಂದು ತೆಗಿ."

ತೆಗೆದ. ಹೇಗೋ ಎದ್ದಿತು.

"ಭೇಷ್," ಅಂದರು ಬಾಚಿ. "ಲೋರಾಂಟ್ ಕೂಡ ಇಷ್ಟೇ ಎತ್ತಿದರೆ ನೀನೇ ಗೆದ್ದೆ."

"ಅವನು ಯಾಕೆ ಇಷ್ಟೇ ಎತ್ತುತ್ತಾನೆ? ಅವನು ಮೈ ಬೆಚ್ಚಗೆ ಮಾಡ್ಕೊಳ್ಳೋಕೆ ಎತ್ತೋದು ಇದು!"

"ಅದೆಲ್ಲ ನನಗೆ ಗೊತ್ತಿಲ್ಲ. ಸಮ ಬಂದರೆ ನೀನೇ."

ಆಕೋಶ್ ಸುಣ್ಣದ ಡಬ್ಬಿಯನ್ನು ಒದ್ದ. ಬಿಳಿ ಪುಡಿ ಗರಡಿಯೆಲ್ಲ ಹಾರಿತು. ಹೊರಗೆ ಹೋಗಿ ನದಿಗೆ ಮುಖ ಮಾಡಿ ಕೂತ.

ಬಾಚಿ ಕೆಮ್ಮುತ್ತಾ ಬಂದು ಪಕ್ಕದಲ್ಲಿ ಕೂತರು. ಅವರು ಕೂರುವುದು ಒಂದು ಕೆಲಸ. ಮೊದಲು ಒಂದು ಕೈ ಊರಬೇಕು, ಆಮೇಲೆ ಇನ್ನೊಂದು, ಆಮೇಲೆ ಮಂಡಿಯನ್ನು ಬೈಯಬೇಕು.

"ಬಾಚಿ, ನಿಜ ಹೇಳಿ. ಆ ಸಾರು ಉಣ್ಣಬಾರದಿತ್ತು ಅಂತ ನಿಮಗೆ ಒಂದು ದಿನವೂ ಅನ್ನಿಸಿಲ್ವಾ?"

"ಯಾವ ಸಾರು?"

"ತಮಾಷೆ ಬೇಡ."

"ತಮಾಷೆ ಅಲ್ವೋ. ಈ ಮೈಯಲ್ಲಿ ಸುಮಾರು ಸಾರಿದೆ. ಯಾವುದು ಅಂತ ಹೇಳು."

ಬಾಚಿ ಅಂಗಿಯ ತೋಳು ಮಡಿಸಿ ಮುಂಗೈ ಚಾಚಿದರು.

"ಈ ಎಲುಬು ನೋಡು. ಅಮ್ಮಂದು. ಯುದ್ಧ ಮುಗಿದ ವರ್ಷ. ಮನೇಲಿ ಒಂದೇ ತುಂಡು ಬ್ರೆಡ್ಡು ಇದ್ದ ದಿನ ಅವಳಿಗೆ ಹಲ್ಲುನೋವು ಬರ್ತಿತ್ತು. ಪಾಪ, ಆ ವರ್ಷವೆಲ್ಲ ಹಲ್ಲುನೋವು."

ಭುಜ ತಟ್ಟಿಕೊಂಡರು.

"ಇದು ಗಿಜೆಲ್ಲಾದು. ಮೀಸೆ ಬರೋ ಮುಂಚೆ ಉಕ್ಕಿನ ಕಾರ್ಖಾನೆಗೆ ಸೇರಿದ್ದೆ. ಅಲ್ಲಿ ಕ್ಯಾಂಟೀನಲ್ಲಿ ಬಡಿಸ್ತಿದ್ಲು. ಬೇರೆಯವರಿಗೆ ಮೇಲಿಂದ ತಿಳಿ, ನನಗೆ ತಳದಿಂದ ಗಟ್ಟಿ."

"ಪ್ರೀತಿಯಾ ಬಾಚಿ?"

"ಅವಳಿಗೆ ಅರವತ್ತು ದಾಟಿತ್ತು ಕಣೋ ಕತ್ತೆ. ಅವಳ ಕೈ ಹಾಗೆ, ಅಷ್ಟೆ."

"ಬೆನ್ನು?"

"ಬೆನ್ನು ಕಟುಕ ಓಡನ್‌ದು. ಅವನು ಎದುರು ಕ್ಲಬ್ಬಿನ ಅಭಿಮಾನಿ. ಆದರೂ ಶನಿವಾರ ಶನಿವಾರ ಲಿವರ್ ಕಟ್ಟಿ ಕೊಡೋನು. 'ನೀನು ನಮ್ಮ ಹುಡುಗರ ಕೈಲಿ ಸೋಲಲೇಬೇಕು, ಆದರೆ ಬರೀ ಹೊಟ್ಟೇಲಿ ಸೋಲಬೇಡ' ಅನ್ನೋನು."

ಆಕೋಶನ ತುಟಿ ಸ್ವಲ್ಪ ಅರಳಿತು.

"ತೊಡೆ ಎರಡೂ ನನ್ನ ಗುರುಗಳ ಹೆಂಡತಿದು. ಭಾರ ಎತ್ತೋ ಗಂಡು ಹುಡುಗರನ್ನ ಮನೆ ತುಂಬ ಇಟ್ಕೊಂಡು ಸಾಕಿದ್ರು. ಆಕೆ ಕೂತು ಉಂಡಿದ್ದನ್ನ ನಾನು ಕಾಣೆ. ಒಲೆ ಮುಂದೆ ನಿಂತೇ ಏನೋ ಬಾಯಿಗೆ ಹಾಕ್ಕೊಳ್ಳೋರು. ದೇಶದ ಚಾಂಪಿಯನ್ ಆದ ದಿನ ಪದಕ ತಗೊಂಡು ಹೋಗಿ ತೋರಿಸಿದೆ. 'ಒಳ್ಳೇದಾಯ್ತು, ಕೈ ತೊಳ್ಕೋ' ಅಂದ್ರು."

"ಮಂಡಿ ಯಾರದು?"

"ಮಂಡಿ ಮಾತ್ರ ನನ್ನ ಸ್ವಂತದ್ದು. ಅದಕ್ಕೇ ಮೊದಲು ಕೆಟ್ಟಿತು."

ಈ ಸಲ ಆಕೋಶ್ ನಕ್ಕೇಬಿಟ್ಟ. ನಕ್ಕ ಮೇಲೆ ಕೇಳಿದ.

"ಆ ದಿನದ ಸಾರು?"

ಬಾಚಿ ಮಡಿಸಿದ್ದ ತೋಳನ್ನು ಕೆಳಗಿಳಿಸಿದರು.

"ನಮ್ಮ ದೇಶ ಬಿಟ್ಟು ಹೋಗಿ ಅಲ್ಲಿ ನೆಲೆಸಿದ್ದ ಮುದುಕಿ. ಪೇಪರಲ್ಲಿ ನನ್ನ ಹೆಸರು ನೋಡಿ, ಪಾತ್ರೆ ತಬ್ಬಿಕೊಂಡು ಟ್ರಾಮ್ ಹತ್ತಿ ಬಂದಿದ್ಲು. ನಾವು ಇಳ್ಕೊಂಡಿದ್ದ ಮನೆ ಬಾಗಿಲಲ್ಲಿ ನಿಂತು, 'ಇಲ್ಲಿ ನದಿ ಮೀನು ಸಿಗಲ್ಲಪ್ಪ, ಸಮುದ್ರದ್ದು ಹಾಕಿದೀನಿ, ನಮ್ಮೂರಿನ ರುಚಿ ಬಂದಿದೆಯಾ ನೋಡು' ಅಂದ್ಲು."

"ಬಂದಿತ್ತಾ?"

"ದರಿದ್ರವಾಗಿತ್ತು."

"ಮತ್ತೆ?"

"ಎರಡು ಬಟ್ಟಲು ಉಂಡೆ."

"ಯಾಕೆ ಬಾಚಿ?"

"ನಾನು ಉಣ್ಣೋ ತನಕ ಅವಳು ನಮ್ಮ ಭಾಷೇಲಿ ಮಾತಾಡಬಹುದಿತ್ತು. ಎಷ್ಟು ವರ್ಷದ ಮಾತು ಕೂಡಿಟ್ಟಿದ್ಲೋ. ಮೊದಲ ಬಟ್ಟಲಿಗೆ ಅವಳ ಮದುವೆ ಕಥೆ ಕೂಡ ಮುಗೀಲಿಲ್ಲ."

ನದಿಯಲ್ಲಿ ಮರಳಿನ ದೋಣಿಯೊಂದು ಹೋಯಿತು. ದೋಣಿಯವನು ಬಾಚಿಗೆ ಕೈ ಬೀಸಿದ. ಬಾಚಿಯೂ ಬೀಸಿದರು.

"ಆದರೆ ಅದೇ ಸಾರು ಚಿನ್ನ ತಗೊಂಡು ಹೋಯ್ತಲ್ಲ."

"ಹೋಯ್ತು. ತಕ್ಕಡಿ ಮೇಲೆ ಇಷ್ಟೂ ಜನ ನನ್ನ ಜೊತೆ ನಿಂತಿದ್ರು. ನೀನೇ ಹೇಳು, ಯಾರನ್ನ ಕೆಳಗಿಳಿ ಅನ್ನಲಿ?"

ಆಕೋಶ್ ತನ್ನ ಬೋಳು ತಲೆಯ ಮೇಲೆ ಕೈಯಾಡಿಸಿದ.

"ಬಾಚಿ, ಸಾರು ಉಳಿದಿದೆಯಾ?"

"ತಳ ಹಿಡಿದಿದೆ."

"ಪರವಾಗಿಲ್ಲ."

ಅವತ್ತಿನಿಂದ ಅವನ ಬಟ್ಟಲು ಮತ್ತೆ ತುಂಬಿತು, ತೆಗೆದ ಬಿಲ್ಲೆಗಳೂ ಒಂದೊಂದಾಗಿ ಸರಳಿಗೆ ಮರಳಿದವು.

ಪಂದ್ಯದ ದಿನ. ರಾಜಧಾನಿಯ ಕ್ರೀಡಾಭವನದಲ್ಲಿ ಮೈ ತೂಗುವ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು. ಈ ತುದಿಯಲ್ಲಿ ಬಾಚಿ ಮತ್ತು ಆಕೋಶ್. ಆ ತುದಿಯಲ್ಲಿ ಲೋರಾಂಟ್, ಪಕ್ಕದಲ್ಲಿ ಅವನ ತಾಯಿ ಪಿರೋಷ್ಕಾ. ತಾಯಿಯ ಮಡಿಲಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ.

ಲೋರಾಂಟನ ಕೆನ್ನೆ ಒಳಕ್ಕೆ ಹೋಗಿತ್ತು. ಕಣ್ಣು ಮಾತ್ರ ದೊಡ್ಡದಾಗಿ ಉಳಿದಿತ್ತು.

"ಒಂದೇ ಒಂದು ತಿನ್ನೋ. ಕತ್ತಲಿರುವಾಗಲೇ ಎದ್ದು ಮಾಡಿದ್ದು."

"ತೂಕ ಆದ ಮೇಲೆ, ಅಮ್ಮಾ."

"ತಿಂಗಳಿಂದ ಅದನ್ನೇ ಹೇಳ್ತಿದೀಯ."

"ಅಮ್ಮಾ! ಜನ ನೋಡ್ತಿದಾರೆ."

ಪಿರೋಷ್ಕಾ ಬುಟ್ಟಿಯ ಬಟ್ಟೆ ಸರಿಸಿದರು, ಮತ್ತೆ ಮುಚ್ಚಿದರು. ಆಮೇಲೆ ಎದ್ದು ಬೆಂಚಿನ ಈ ತುದಿಗೆ ಬಂದರು.

"ತಗೊಳ್ಳಪ್ಪ. ಪೊಗಾಚಾ."

ಪೊಗಾಚಾ ಅಂದರೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಉಪ್ಪು ಬನ್ನು. ಬೆಣ್ಣೆಯ ಘಮ ಪಡಸಾಲೆಯೆಲ್ಲ ಹಬ್ಬಿತು. ಬಾಚಿ ಆಗಲೇ ಒಂದನ್ನು ಬಾಯಿಗೆ ಹಾಕಿಕೊಂಡಿದ್ದರು.

ಆಕೋಶ್ ಅವರ ಕಿವಿಯಲ್ಲಿ ಪಿಸುಗುಟ್ಟಿದ. "ಬಾಚಿ, ಇದು ಅವರ ಉಪಾಯ. ನನ್ನ ತೂಕ ಏರಿಸೋಕೆ."

"ಇರಬಹುದು. ಉಪ್ಪು ಹದವಾಗಿದೆ."

ಆಕೋಶ್ ತಲೆಯೆತ್ತಿ ನೋಡಿದ. ಪಿರೋಷ್ಕಾ ತಕ್ಕಡಿಯ ಕೋಣೆಯ ಕಡೆ ನೋಡುತ್ತಿರಲಿಲ್ಲ, ಅವನನ್ನೂ ನೋಡುತ್ತಿರಲಿಲ್ಲ. ತುಂಬಿದ ಬುಟ್ಟಿಯಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತಲ್ಲ, ಅದನ್ನು ನೋಡುತ್ತಿದ್ದರು.

ಅವನು ಒಂದು ತೆಗೆದುಕೊಂಡ. ತಿಂದು ಮುಗಿಸಿ ಇನ್ನೊಂದು ತೆಗೆದುಕೊಂಡ.

"ಬಹಳ ಚೆನ್ನಾಗಿದೆ ನೇನಿ," ಅಂದ. ಹಿರಿಯ ಹೆಂಗಸರನ್ನು ಅವರಲ್ಲಿ ಹಾಗೆ ಕರೆಯುತ್ತಾರೆ.

"ನಿಮ್ಮಮ್ಮನೂ ಮಾಡ್ತಾರಾ?"

"ಮಾಡ್ತಾರೆ. ಇಷ್ಟು ಮೆತ್ತಗೆ ಬರಲ್ಲ. ಅವರಿಗೆ ಹೇಳ್ಬೇಡಿ."

ಪಿರೋಷ್ಕಾ ನಕ್ಕರು. ನಗುತ್ತಲೇ ಮತ್ತೆರಡು ಅವನ ಕೈಗೆ ತುರುಕಿದರು. ಬೆಂಚಿನ ಆ ತುದಿಯಲ್ಲಿ ಲೋರಾಂಟ್ ಗೋಡೆಯ ಕಡೆ ತಿರುಗಿದ.

ತಕ್ಕಡಿಯಲ್ಲಿ ಆಕೋಶ್ ಜಾಸ್ತಿ ಬಂದ. ಅದರಲ್ಲಿ ಅಚ್ಚರಿಯೇನಿಲ್ಲ.

ಭಾರ ಎತ್ತುವುದರಲ್ಲಿ ಎರಡು ಬಗೆ. ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಒಯ್ಯುವುದು ಮೊದಲನೆಯದು. ಎದೆಗೆ ತಂದು, ಎದ್ದು ನಿಂತು, ಅಲ್ಲಿಂದ ಮೇಲಕ್ಕೆ ತಳ್ಳುವುದು ಎರಡನೆಯದು. ಒಂದೊಂದಕ್ಕೂ ಮೂರು ಅವಕಾಶ. ಎರಡರಲ್ಲೂ ಎತ್ತಿದ ಅತಿ ಹೆಚ್ಚಿನದನ್ನು ಕೂಡಿಸಿ ತೀರ್ಪು.

ಮೊದಲ ಬಗೆಯಲ್ಲಿ ಇಬ್ಬರೂ ಸಮ.

ಎರಡನೆಯದರಲ್ಲಿ ಆಕೋಶ್ ತನ್ನ ಎರಡನೇ ಅವಕಾಶದಲ್ಲಿ ಚೆನ್ನಾಗಿ ಎತ್ತಿದ. ಲೋರಾಂಟ್ ತನ್ನ ಕೊನೆಯ ಅವಕಾಶಕ್ಕೆ ಸರಿಯಾಗಿ ಅಷ್ಟನ್ನೇ ಕೇಳಿದ. ಅವನಿಗೆ ಅಷ್ಟು ಸಾಕಿತ್ತು. ಕಾಲು ನಡುಗುತ್ತಾ, ಹಲ್ಲು ಕಚ್ಚಿ, ಅದನ್ನು ಎತ್ತಿದ. ಅವನ ತರಬೇತುದಾರ ಓಡಿ ಬಂದು ತಬ್ಬಿಕೊಂಡ.

ಸಮ ಬಂದಿತ್ತು. ಹಗುರದವನು ಲೋರಾಂಟ್.

ಆಕೋಶನಿಗೆ ಒಂದು ಅವಕಾಶ ಉಳಿದಿತ್ತು.

"ಎಷ್ಟು ಹೇಳಲಿ ಬಾಚಿ?"

"ಸಮ ನಿನಗೆ ಸಾಕಾ?"

"ನನಗೆ ಸಾಲದು."

"ಹಾಗಾದ್ರೆ ಲೆಕ್ಕ ಸುಲಭ ಆಯ್ತು."

ಆಕೋಶ್ ತಾನು ಹುಟ್ಟಿದ ಮೇಲೆ ಎಂದೂ ಎತ್ತದ ಭಾರ ಹೇಳಿದ.

ಬಿಲ್ಲೆ ಹಾಕಿದರು. ಅವನು ಸರಳಿನ ಮುಂದೆ ನಿಂತ. ಬಗ್ಗಿದ. ಎಳೆದ. ಸರಳು ಎದೆಗೆ ಬಂತು. ಅದರ ಹೊಡೆತಕ್ಕೆ ಅವನು ಕುಕ್ಕರಗಾಲಿನಲ್ಲಿ ನೆಲಕ್ಕೆ ಅಂಟಿಕೊಂಡ.

ಏಳಲು ಆಗಲಿಲ್ಲ.

ಅವನ ಮುಖ ಕೆಂಪಾಯಿತು, ನೀಲಿಯಾಯಿತು.

"ಏಳೋ ಮಗನೇ!"

ಕೂಗಿದ್ದು ಪಿರೋಷ್ಕಾ. ಕೂಗಿದ ಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು.

ಅವನು ಎದ್ದ.

ನಿಂತ. ಒಂದು ಉಸಿರು ತೆಗೆದುಕೊಂಡ. ಎದೆಯಿಂದ ಮೇಲಕ್ಕೆ ತಳ್ಳಿದ. ತೋಳು ನೆಟ್ಟಗಾಯಿತು. ಇಡೀ ಮೈ ಗಾಳಿಯಲ್ಲಿ ಮರದ ಹಾಗೆ ತೂಗಿತು, ಆಮೇಲೆ ನಿಂತಿತು. ಇಳಿಸಬಹುದು ಅಂತ ಸೂಚನೆ ಬಂತು. ಇಳಿಸಿದ.

ದೇಶದ ತಂಡದ ಜಾಗ ಅವನದಾಯಿತು.

ಜನ ಮುತ್ತಿಕೊಂಡರು. ಬೆನ್ನು ತಟ್ಟಿದರು. ಬೋಳು ತಲೆಗೆ ಮುತ್ತು ಕೊಟ್ಟವರೂ ಇದ್ದರು. ಎಲ್ಲರನ್ನೂ ಬಿಡಿಸಿಕೊಂಡು ಆಕೋಶ್ ಬಾಚಿಯ ಹತ್ತಿರ ಬಂದ. ಅದು ಗೆದ್ದವನ ಮುಖವಾಗಿರಲಿಲ್ಲ.

"ಏನಾಯ್ತೋ?"

"ಅಲ್ಲಿ ನೋಡಿ ಬಾಚಿ."

ಬಾಗಿಲಾಚೆ ಅದೇ ಬೆಂಚು. ಲೋರಾಂಟ್ ತಲೆಯ ಮೇಲೆ ಟವೆಲ್ ಹಾಕಿಕೊಂಡು ಬಗ್ಗಿ ಕೂತಿದ್ದ. ತಾಯಿ ಅವನ ಬೆನ್ನ ಮೇಲೆ ಕೈಯಿಟ್ಟರು. ಅವನು ಭುಜ ಕೊಡವಿದ. ಅವರು ಕೈಯನ್ನು ತೆಗೆದು ಬುಟ್ಟಿಯ ಮೇಲೆ ಇಟ್ಟುಕೊಂಡರು.

"ಅವರು ಕೊಟ್ಟಿದ್ದನ್ನ ತಿಂದೆ ಬಾಚಿ. ಅವರು ಕೂಗಿದ್ದಕ್ಕೆ ಎದ್ದೆ. ಎದ್ದು ಅವರ ಮಗನ ಜಾಗಾನೇ ತಗೊಂಡೆ."

"ಹೌದು."

"ಹೌದು ಅಂತೀರಲ್ಲ!"

"ಅಲ್ಲ ಅಂದ್ರೆ ಸುಳ್ಳಾಗುತ್ತೆ."

ಆಕೋಶ್ ಅಂಗೈಯಲ್ಲಿ ಉಳಿದಿದ್ದ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಅವರ ಹತ್ತಿರ ಹೋಗ್ಬೇಕು. ಕಾಲೇ ಬರ್ತಿಲ್ಲ."

"ಹೋಗು. ಬರುತ್ತೆ."

"ಹೋಗಿ ಏನನ್ನಲಿ ಬಾಚಿ? ತಪ್ಪಾಯ್ತು ಅನ್ನಲಾ, ಉಪಕಾರ ಆಯ್ತು ಅನ್ನಲಾ?"

"ಹಸಿವಾಗಿದೆ ಅನ್ನು."